ಮರದಿಂದಿಳಿಯದ ಪಂಡಿತ

ಒಂದು ಕಾಡಿನಲ್ಲಿ ಮುರಿದ ಮೂಳೆ ಕಟ್ಟುವುದಕ್ಕೆ ಇದ್ದವನು ಒಬ್ಬನೇ ಪಂಡಿತ, ಒಂದು ಮುಸುವ ಕೋತಿ. ಕಪ್ಪು ಮುಖ, ಉದ್ದ ಬಾಲ, ಅದಕ್ಕಿಂತ ಉದ್ದ ಮಾತು. ಅವನ ಊಟ, ನಿದ್ದೆ, ವೈದ್ಯ ಎಲ್ಲವೂ ಅತ್ತಿಮರದಲ್ಲೇ.

ಅದೇ ಕಾಡಿನಲ್ಲಿ ತುಂಬೆ ಎಂಬ ಮೊಲ ಇದ್ದಳು. ಒಂದು ದಿನ ಗುಡ್ಡದಿಂದ ಕಲ್ಲು ಉರುಳಿ ಅವಳ ಹಿಂಗಾಲು ಮುರಿಯಿತು. ಪಂಡಿತ ಕೆಳಗಿನ ಕೊಂಬೆಯಿಂದಲೇ ಬಗ್ಗಿ, ಎರಡು ಬಿದಿರ ಸೀಳು ಇಟ್ಟು, ಹಸಿ ಬಳ್ಳಿ ಸುತ್ತಿ ಕಟ್ಟಿದ.

"ನಲವತ್ತು ದಿನ ಬಿಚ್ಚಬೇಡಮ್ಮ. ಬಿಚ್ಚಿದೆಯೋ, ಕಾಲು ಕಳಚಿ ಕೈಗೆ ಬರುತ್ತೆ," ಎಂದ.

ಮೂರನೆಯ ದಿನ ತುಂಬೆಯ ಪಾದ ತಣ್ಣಗಾಯಿತು. ಮುಟ್ಟಿದರೆ ಬೇರೆ ಯಾರದೋ ಪಾದ ಮುಟ್ಟಿದ ಹಾಗಿತ್ತು. ಮೂರು ಕಾಲಲ್ಲಿ ಕುಂಟುತ್ತ ಅತ್ತಿಮರದ ಬುಡಕ್ಕೆ ಬಂದಳು.

"ಪಂಡಿತರೇ, ಪಾದ ಮರಗಟ್ಟಿದೆ. ಇಳಿದು ಬಂದು ಒಂಚೂರು ನೋಡ್ತೀರಾ?"

ಪಂಡಿತನ ಬಾಯಿ ತುಂಬ ಅತ್ತಿಹಣ್ಣು. "ಇಲ್ಲಿಂದಲೇ ಕಾಣ್ತಿದೆ. ಮೂಳೆ ಕೂಡ್ತಾ ಇದೆ. ಹೋಗಿ ಮಲಗು."

ನಲವತ್ತನೆಯ ದಿನ ತುಂಬೆ ಕಟ್ಟು ಬಿಚ್ಚಿದಳು. ಮೂಳೆ ಕೂಡಿತ್ತು. ಪಾದ ಮಾತ್ರ ಒಣಗಿದ ಸೀಗೆಕಾಯಿಯಂತಾಗಿತ್ತು.

ಓಡಲಾಗದ ಮೊಲದ ಸುದ್ದಿ ಕಾಡಿನಲ್ಲಿ ಬೇಗ ಹಬ್ಬುತ್ತದೆ. ನರಿ ದಿನಾ ಬೆಳಿಗ್ಗೆ ಬಿಲದ ಬಾಗಿಲಿಗೆ ಬಂದು ಬಲು ಪ್ರೀತಿಯಿಂದ ವಿಚಾರಿಸತೊಡಗಿತು. "ಕಾಲು ಹೇಗಿದೆ ತಾಯಿ? ಹೊರಗೆ ಬಾ, ಸ್ವಲ್ಪ ಗಾಳಿ ಕುಡಿ." ತುಂಬೆ ಬಿಲದೊಳಗೇ ಒಣ ಬೇರು ಅಗಿಯುತ್ತ ಕೂತಳು. ಬೇರು ಮುಗಿಯುತ್ತ ಬಂದಿತ್ತು. ಹೀಗೇ ಇದ್ದರೆ ಹಸಿವಿನಿಂದಲೋ ನರಿಯಿಂದಲೋ ಸಾಯಬೇಕು, ಅಷ್ಟೇ. ಕೊನೆಗೆ ನರಿ ಇಲ್ಲದ ಹೊತ್ತು ನೋಡಿ ಅವಳು ಪಂಡಿತನ ಮೇಲೆ ದೂರು ಕೊಟ್ಟಳು.

ಆ ಕಾಡಿನ ನ್ಯಾಯಾಧೀಶೆ ಮುಳ್ಳುಹಂದಿ. ಎಲ್ಲರಿಗೂ ಅವಳು ಮುಳ್ಳಜ್ಜಿ. ಹತ್ತಿರ ಹೋಗಿ ಕಿವಿಯಲ್ಲಿ ಪಿಸುಗುಡಲು ಯಾರಿಗೂ ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವಳನ್ನು ಆರಿಸಿದ್ದರು. ಕಸುಬಿನ ತಪ್ಪನ್ನು ಅದೇ ಕಸುಬಿನವರು ನೋಡಿ ಹೇಳಬೇಕು ಎಂಬುದು ಅಲ್ಲಿನ ಪದ್ಧತಿ. ಅದಕ್ಕಾಗಿ ಪಕ್ಕದ ಕಾಡಿನಿಂದ ಮೂಳೆ ಕಟ್ಟುವ ಕೊಕ್ಕರೆಯನ್ನು ಕರೆಸಿದರು. ಅವಳು ಬಂದು ಒಂಟಿಕಾಲಲ್ಲಿ ನಿಂತಳು. ವಿಚಾರಣೆ ಬಂಡೆಯ ಮೇಲೆ. ಮುಂದಿನ ಸಾಲಿನಲ್ಲಿ ನರಿ ಬೆಳಗಿನಿಂದಲೇ ಜಾಗ ಹಿಡಿದಿತ್ತು.

"ನಿನಗೇನು ಬೇಕು?" ಎಂದಳು ಮುಳ್ಳಜ್ಜಿ.

"ಹೋದ ಕಾಲು ಬರೋದಿಲ್ಲ ಅಜ್ಜಿ. ಓಡದೆ ಬದುಕೋ ದಾರಿ ಮಾಡಿಕೊಡಲಿ," ಎಂದಳು ತುಂಬೆ.

ಪಂಡಿತ ಎದ್ದ. "ಕಾಲು ಕೆಟ್ಟಿತು ಅಂದ ಕೂಡಲೇ ಕಟ್ಟಿದವನ ತಪ್ಪೇ?"

"ಅಲ್ಲ," ಎಂದಳು ಮುಳ್ಳಜ್ಜಿ.

ತುಂಬೆಯ ಕಿವಿಗಳು ಜೋತುಬಿದ್ದವು. ನರಿ ತುಟಿ ಸವರಿಕೊಂಡಿತು.

"ಕಲ್ಲು ಉರುಳಿಸಿದ್ದು ನೀನಲ್ಲ. ಸರಿಯಾಗಿ ಮಾಡಿದ ಮೇಲೂ ಕೆಡುವುದುಂಟು. ಮಾಡಬೇಕಾದದ್ದನ್ನು ಮಾಡಿದೆಯಾ? ಮಾಡದ್ದರಿಂದಲೇ ಕಾಲು ಹೋಯಿತಾ? ಇಷ್ಟೇ ನನ್ನ ಪ್ರಶ್ನೆ."

"ಎಲ್ಲ ಮಾಡಿದೆ. ಇವಳೇ ಕುಣಿದು ಕೆಡಿಸಿಕೊಂಡಳು. ಮೊಲದ ಜಾತಿ, ಕೂತಲ್ಲಿ ಕೂರುತ್ತಾ?"

ಕೊಕ್ಕರೆ ಬಗ್ಗಿ ಕಾಲನ್ನು ಕೊಕ್ಕಿನಿಂದ ಉದ್ದಕ್ಕೂ ತಡವಿದಳು. "ಕುಣಿದಿದ್ದರೆ ಮೂಳೆ ಸೊಟ್ಟ ಕೂಡಬೇಕಿತ್ತು. ನೆಟ್ಟಗಿದೆ. ಕೆಟ್ಟಿರೋದು ಕಟ್ಟಿನಿಂದ ಕೆಳಗೆ ಮಾತ್ರ. ರಕ್ತ ಇಳಿದಿಲ್ಲ. ಕಟ್ಟು ಬಿಗಿಯಾಗಿತ್ತು."

"ನಾನು ಸಡಿಲವಾಗೇ ಕಟ್ಟಿದ್ದು!" ಎಂದು ಪಂಡಿತ ಹಾರಿದ. "ಆಮೇಲೆ ಬೇರೆ ಯಾರೋ ಬಿಗಿದಿರಬೇಕು. ಬೇಕಾದರೆ ಕಟ್ಟಿ ತೋರಿಸ್ತೀನಿ."

ಹಸಿ ಬಳ್ಳಿ ತಂದು ತನ್ನ ಬಾಲಕ್ಕೇ ಸುತ್ತಿ ಗಂಟು ಹಾಕಿದ. ಒಳಗೆ ಬೆರಳು ತೂರಿಸಿ ಎಲ್ಲರ ಕಡೆಗೂ ತಿರುಗಿಸಿದ. "ನೋಡಿ! ಇಲಿಮರಿ ಓಡಾಡುವಷ್ಟು ಜಾಗ ಇದೆ!"

ತುಂಬೆಗೆ ನೆನಪಾಯಿತು. ಅಂದು ಕಟ್ಟಿದ್ದೂ ಹೀಗೇ. ಅದು ಸುಳ್ಳಲ್ಲ.

"ಚೆನ್ನಾಗಿದೆ," ಎಂದಳು ಮುಳ್ಳಜ್ಜಿ. "ಯಾರೂ ಅದನ್ನು ಮುಟ್ಟಬೇಡಿ. ನೀನು ಇಲ್ಲೇ ಕೂತಿರು. ನಾನು ಊಟ ಮಾಡಿ ಬರ್ತೀನಿ."

ಮುಳ್ಳಜ್ಜಿಯ ಊಟ ಎಂದರೆ ಗೆಡ್ಡೆ ಅಗೆಯುವುದರಿಂದ ಶುರು. ಬಂಡೆ ಕಾದಿತು. ಬಿಸಿಲಿಗೆ ಬಳ್ಳಿ ಬಾಡಿತು, ಒಣಗಿತು, ಒಣಗುತ್ತ ಕುಗ್ಗಿತು. ಪಂಡಿತ ಮೊದಲು ಮಗ್ಗುಲು ಬದಲಿಸಿದ. ಆಮೇಲೆ ಬಾಲದ ತುದಿಯನ್ನು ಉಜ್ಜಿದ. ಆಮೇಲೆ ಮಾತು ನಿಲ್ಲಿಸಿದ. ಕಾಡಿನವರು ಆಗಲೇ ಗಾಬರಿಯಾದದ್ದು.

ಹೊತ್ತು ಇಳಿದಾಗ ಮುಳ್ಳಜ್ಜಿ ಬಂದಳು.

"ಅಜ್ಜೀ, ಇದನ್ನು ಕತ್ತರಿಸಿ! ಬಿಗೀತಿದೆ!"

"ಯಾರು ಬಿಗಿದರು?"

ಪಂಡಿತ ಸುತ್ತ ನೋಡಿದ. ಯಾರೂ ಅವನ ಹತ್ತಿರ ಬಂದಿರಲಿಲ್ಲ. ತನ್ನ ಕಟ್ಟು ಕಟ್ಟಿದ ಮೇಲೆ ಏನಾಗುತ್ತದೆ ಎಂಬುದನ್ನು ಅವನು ಜನ್ಮದಲ್ಲಿ ಅಂದೇ ಮೊದಲು ನೋಡುತ್ತಿದ್ದ ಎಂದು ತುಂಬೆಗೆ ಹೊಳೆಯಿತು.

ಕೊಕ್ಕರೆ ಕೊಕ್ಕಿನಿಂದ ಬಳ್ಳಿ ಕತ್ತರಿಸಿದಳು.

"ಬಳ್ಳಿ ಬಿಗಿಯುತ್ತೆ ಅಂತ ನನಗೇನು ಗೊತ್ತು? ನಮ್ಮಪ್ಪನೂ ಹೀಗೇ ಕಟ್ಟುತ್ತಿದ್ದ," ಎಂದು ಪಂಡಿತ ಬಾಲಕ್ಕೆ ಉಫ್ ಎಂದು ಊದಿಕೊಂಡ.

ಮುಳ್ಳಜ್ಜಿ ಕೊಕ್ಕರೆಯನ್ನು ಕೇಳಿದಳು, "ನೀವೇನು ಮಾಡ್ತೀರಿ?"

"ನಾನೂ ಹಸಿ ಬಳ್ಳಿಯನ್ನೇ ಕಟ್ಟೋದು. ಅದರಲ್ಲಿ ತಪ್ಪಿಲ್ಲ. ಮೂರನೇ ದಿನ ಹೋಗಿ ಪಾದ ಮುಟ್ಟಿ ನೋಡ್ತೀನಿ. ತಣ್ಣಗಿದ್ದರೆ ಸಡಿಲಿಸ್ತೀನಿ. ಕಸುಬು ಕಲಿಯೋಕೆ ಬಂದವರಿಗೆ ಮೊದಲ ವಾರವೇ ಹೇಳಿಕೊಡೋ ಮಾತಿದು."

"ಸಡಿಲಿಸಿದ್ದರೆ ಈ ಪಾದ ಉಳೀತಿತ್ತಾ?"

"ಹತ್ತರಲ್ಲಿ ಎಂಟು ಉಳಿಯುತ್ವೆ."

"ಇವಳು ಆ ಉಳಿದ ಎರಡರಲ್ಲಿ ಒಬ್ಬಳಾಗಿದ್ದರೆ?" ಎಂದ ಪಂಡಿತ.

"ಇಳಿದು ನೋಡಿದ್ದರೆ ಗೊತ್ತಾಗ್ತಿತ್ತು. ನೋಡದವನಿಗೆ ಆ ಎರಡರ ಲಾಭ ಕೊಡೋದಿಲ್ಲ. ನನಗೆ ಎಂಟು ಸಾಕು," ಎಂದಳು ಮುಳ್ಳಜ್ಜಿ. "ಕಾಲು ಮುರಿದದ್ದಕ್ಕೆ ನಿನಗೆ ದಂಡ ಇಲ್ಲ. ಕಟ್ಟಿದ್ದಕ್ಕೂ ಇಲ್ಲ. ಕರೆದಾಗ ಬಂದು ನೋಡದ್ದಕ್ಕೆ ಇದೆ. ಇವಳು ಕಳಕೊಂಡದ್ದು ಓಟ. ಅದರ ಬದಲು ನಿನ್ನ ಕಣ್ಣು, ಗಂಟಲು ಎರಡೂ ಕೊಡು. ಇವಳು ಬದುಕಿರುವ ತನಕ ಇವಳ ಬಿಲದ ಪಕ್ಕದ ಮರದಲ್ಲಿ ಕೂತು ಕಾವಲು ಕಾಯಿ. ನರಿ ದೂರದಲ್ಲಿರುವಾಗಲೇ ಕೂಗು."

"ನನ್ನ ರೋಗಿಗಳ ಗತಿ?"

"ಆ ಮರದ ಕೆಳಗೇ ಬರಲಿ. ಇಳಿದು ನೋಡು. ಇಳಿಯಲಾಗದಿದ್ದರೆ ಮೊದಲೇ ಹೇಳು, ಅವರು ಕೊಕ್ಕರೆಯ ಹತ್ತಿರ ಹೋಗ್ತಾರೆ."

ನರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಯಿತು.

ಮರುದಿನ ಬೆಳಿಗ್ಗೆ ತುಂಬೆ ಎರಡು ತಿಂಗಳಲ್ಲಿ ಮೊದಲ ಸಲ ಬಿಲದ ಹೊರಗೆ ಕೂತು ಹಸಿ ಗರಿಕೆ ತಿಂದಳು. ಅರ್ಧ ತಿಂದಿರುವಾಗ ಮರದ ಮೇಲಿಂದ "ಖಕ್! ಖಕ್!" ಎಂದು ಕೇಳಿಸಿತು. ಅವಳು ಬಾಯಲ್ಲಿದ್ದದ್ದನ್ನು ನುಂಗಿ, ಇನ್ನೊಂದು ಎಸಳು ಕಿತ್ತುಕೊಂಡು, ನಿಧಾನವಾಗಿ ಕುಂಟುತ್ತ ಒಳಗೆ ಹೋದಳು.

ನೀತಿ: ಕೆಟ್ಟದ್ದೆಲ್ಲ ವೈದ್ಯನ ತಪ್ಪಲ್ಲ, ರೋಗಿ ಕರೆದಾಗ ಬಂದು ನೋಡದಿರುವುದು ಮಾತ್ರ ಅವನದೇ ತಪ್ಪು.