ಮಂಚಮ್ಮ ತುಟಿ ಎತ್ತಿ ನೋಡಿದ್ದು

ಆ ಬಾಯಲ್ಲಿರೋದನ್ನ ಮೊದ್ಲು ಉಗಿ ಮಗಾ, ಆಮೇಲೆ ಕತೆ ಹೇಳ್ತೀನಿ. ಹ್ಞಾಂ, ಈಗ ಎಲ್ಲರೂ ಕೂತ್ಕೊಳ್ಳಿ.

ಬಹಳ ಹಿಂದೆ, ಹೊಳೆ ದಂಡೇಲಿ ಒಂದೂರು. ಹೆಸರು ಬೇಡ ಬಿಡಿ, ಈಗ್ಲೂ ಅಲ್ಲಿ ನಮ್ಮ ನೆಂಟರಿದಾರೆ. ಬೆಸ್ತರ ಮನೆಗಳೇ ಜಾಸ್ತಿ. ಬಲೆ ಹೆಣೆಯೋದು, ಹೊಳೇಗೆ ಬೀಸೋದು, ಮೀನು ತರೋದು, ಅಷ್ಟೇ ಬದುಕು. ಅಲ್ಲಿ ಮಂಚಮ್ಮ ಅಂತ ಒಬ್ಬ ಸೂಲಗಿತ್ತಿ ಇದ್ಲಂತೆ. ಬಸಿರಲ್ಲಿ ಅಡ್ಡ ತಿರುಗಿದ್ದ ಕೂಸೂ ಅವಳ ದನಿ ಕೇಳಿ ನೆಟ್ಟಗಾಗೋದಂತೆ. ನಾನೇನು ಕಂಡಿಲ್ಲ, ಅಂತಾರೆ.

ಬಲೆ ಮುಳುಗಬೇಕಾದ್ರೆ ಅಂಚಿಗೆ ಭಾರ ಬೇಕಲ್ಲ? ಅದಕ್ಕೆ ಸೀಸ ಕರಗಿಸಿ ಸಣ್ಣ ಸಣ್ಣ ಗುಂಡು ಮಾಡೋರು. ಗುಂಡಿಗೊಂದು ಸೀಳು, ಸೀಳಿಗೆ ದಾರ ಕೂರಿಸಿ ಅದುಮಬೇಕು. ಕಲ್ಲಲ್ಲಿ ಕುಟ್ಟಿದ್ರೆ ದಾರ ಹರಿಯುತ್ತೆ, ದೊಡ್ಡೋರು ಕಚ್ಚಿದ್ರೂ ಹರಿಯುತ್ತೆ. ಹಾಲುಹಲ್ಲಿನ ಮಕ್ಕಳು ಕಚ್ಚಿದ್ರೇ ಹದವಾಗಿ ಕೂರೋದು ಅಂತ ಅವರ ನಂಬಿಕೆ. ಹಾಗಾಗಿ ಮಕ್ಕಳೆಲ್ಲ ಬಾಯ್ತುಂಬ ಗುಂಡು ಇಟ್ಕೊಂಡು ಒಂದೊಂದೇ ಕಚ್ಚೋವು. ಮೊದಲನೇ ಗುಂಡು ಮಗೂನ ಬಾಯಿಗಿಡೋದು ಒಂದು ಶಾಸ್ತ್ರ. ಇಡ್ತಿದ್ದೋಳು ಮಂಚಮ್ಮನೇ. ಅವಳ ಕೈಯಲ್ಲಿ ಇಡಿಸಿದ್ರೆ ಆ ಮನೆ ಬಲೆ ಬರಿದಾಗಲ್ಲ ಅನ್ನೋರು.

ಆ ಊರ ಮಕ್ಕಳಿಗೆ ಹೊಟ್ಟೆನೋವು ಬರೋದು. ಊಟ ಸೇರದು, ಮುಖ ಬಿಳಿಚಿಕೊಳ್ಳೋದು, ಆಟ ಬಿಟ್ಟು ಮೂಲೆ ಸೇರೋವು. ದೃಷ್ಟಿ ತೆಗೆದ್ರು, ಗಂಗಮ್ಮನಿಗೆ ಹರಕೆ ಕಟ್ಟಿದ್ರು. ಒಂದಿನ ಹಾಗೆ ಗೋಳಾಡ್ತಿದ್ದ ಹುಡುಗನ ಹಲ್ಲಿಗೇನಾದ್ರೂ ಆಗಿದೆಯೋ ಅಂತ ಮಂಚಮ್ಮ ತುಟಿ ಎತ್ತಿ ನೋಡಿದ್ಲಂತೆ. ಒಸಡಿನ ಅಂಚಲ್ಲಿ ನೀಲಿಗಪ್ಪು ಗೆರೆ, ಕಾಡಿಗೆ ಎಳೆದ ಹಾಗೆ. ನೋವು ಅಂತ ಅಳೋ ಮಕ್ಕಳನ್ನೆಲ್ಲ ಕರೆಸಿ ನೋಡಿದ್ಲು, ಬಹಳ ಮಕ್ಕಳಿಗೆ ಅದೇ ಗೆರೆ. ಕುಂಬಾರಗೇರಿ ಮಕ್ಕಳ ಬಾಯಿ ನೋಡಿದ್ಲು, ಒಬ್ಬರಿಗೂ ಇಲ್ಲ. ಅವು ಗುಂಡು ಕಚ್ಚೋ ಮಕ್ಕಳಲ್ಲ. ಗುಂಡಿನ ಸೀಸಾನೇ ಮಕ್ಕಳ ಮೈಗೆ ಸೇರ್ತಿದೆ ಅಂತ ಅವಳಿಗೆ ಹೊಳೀತು.

ಗುಂಡು ಬಿಡ್ರಪ್ಪಾ, ಸುಟ್ಟ ಮಣ್ಣಿನ ಬಿಲ್ಲೆ ಕಟ್ಟಿ ಅಂದ್ಲಂತೆ. ಗಂಡಸರು ಕೇಳಲಿಲ್ಲ. ಮಣ್ಣು ಹಗುರ, ಬಲೆ ತೇಲುತ್ತೆ, ಮಕ್ಕಳು ಹಸ್ಕೊಂಡು ಸಾಯ್ಲಾ ಅಂದ್ರು. ಕೊನೆಗೆ ಒಂದು ರಾಜಿಗೆ ಬಂದ್ರು. ಗೆರೆ ಬಿದ್ದ ಮಕ್ಕಳು ಕಚ್ಚೋದು ಬೇಡ, ಗಟ್ಟಿಮುಟ್ಟಾಗಿರೋ ಮಕ್ಕಳು ಕಚ್ಚಲಿ. ಮಂಚಮ್ಮನೂ ಆಗಲಿ ಅಂದ್ಲು. ಅಲ್ಲೇ ಕೆಟ್ಟಿದ್ದು ನೋಡಿ.

ಅವಳಿಗೊಬ್ಬ ಮೊಮ್ಮಗಳು, ದೇವೀರಿ ಅಂತ. ತಾಯಿ ಇಲ್ಲದ ಮಗು, ಅಜ್ಜೀನೇ ಸಾಕಿದ್ದು. ಹೊಳೇಲಿರೋ ಮೀನಿನ ಹೆಸರೆಲ್ಲ ಪಟಪಟ ಅಂತ ಹೇಳೋಳಂತೆ, ಅಂಬಿಗರ ಪದ ಕೇಳಿದ್ರೆ ಅಲ್ಲೇ ತಿರುಗಿಸಿ ಹಾಡೋಳಂತೆ. ಊಟ ಚೆನ್ನಾಗಿ ಮಾಡೋಳು, ಒಂದಿನಾನೂ ಹೊಟ್ಟೆನೋವು ಅಂದೋಳಲ್ಲ. ಬೇರೆ ಮಕ್ಕಳು ಬಿಟ್ಟ ಗುಂಡೆಲ್ಲ ಅವಳ ಪಾಲಿಗೆ ಬಂತು. ಅಜ್ಜೀನೇ ಮಡಿಲಿಗೆ ಸುರಿದು ಕೊಡೋಳು.

ದೇವೀರಿ ಬರ್ತಾ ಬರ್ತಾ ಮಾತು ಕಮ್ಮಿ ಮಾಡಿದ್ಲು. ಎಷ್ಟು ಒಳ್ಳೆ ಮಗು, ಸದ್ದೇ ಇಲ್ಲ ಅಂತ ಊರೋರು ಹೊಗಳಿದ್ರು. ಅಜ್ಜೀನೂ ಹಿಗ್ಗಿದ್ಲು. ಅಯ್ಯೋ ಶಿವನೇ, ಹಿಗ್ಗಿದ್ಲು! ಒಂದಿನ ಮಗು ಕೈಗೆ ಒಂದು ಮೀನು ಕೊಟ್ಟು ಇದ್ಯಾವ ಮೀನವ್ವಾ ಅಂತ ಕೇಳಿದ್ಲು. ಮಗು ಸುಮ್ಮನೆ ನೋಡ್ತು. ಇನ್ನೊಂದು ಕೊಟ್ಲು. ಅದಕ್ಕೂ ಸುಮ್ಮನೆ ನಗ್ತು. ಆಗ ಅಜ್ಜಿ ತುಟಿ ಎತ್ತಿದ್ಲು. ಊರ ಮಕ್ಕಳೆಲ್ಲರಿಗಿಂತ ದಪ್ಪ ಗೆರೆ ಆ ಬಾಯಲ್ಲಿತ್ತು.

ಮಗೂನ ಸೊಂಟಕ್ಕೆ ಏರಿಸ್ಕೊಂಡು ಗಂಡಸರು ಬಲೆ ಹರವಿದ್ದ ಕಡೆ ಹೋದ್ಲಂತೆ. ಎಲ್ಲರ ಮುಂದೆ ತುಟಿ ಎತ್ತಿ ತೋರಿಸಿದ್ಲು.

"ಅಳೋ ಮಕ್ಕಳ ಬಾಯಿ ಮಾತ್ರ ನೋಡಿದೆ ಕಣ್ರಪ್ಪಾ. ಇವಳು ಅಳಲಿಲ್ಲ. ಗುಂಡು ಇಟ್ಟಿದ್ದು ನನ್ನ ಕೈ."

ಆಗ ಹೊಳೆ ನಿಂತೇ ಹೋಯ್ತು ಅಂತಾರೆ. ಅದೆಲ್ಲ ನಾನು ನಂಬಲ್ಲ, ಹೊಳೆ ಯಾರಿಗೂ ನಿಲ್ಲಲ್ಲ. ಆದ್ರೆ ಗಂಡಸರು ಗುಂಡು ಬಿಚ್ಚಿದ್ದು ನಿಜ. ಕುಂಬಾರರು ಮಣ್ಣಿನ ಬಿಲ್ಲೆ ಸುಟ್ಟು ಕೊಟ್ರು. ಮೀನು ಕಮ್ಮಿ ಬಂತು, ಮಕ್ಕಳು ಉಳಿದ್ವು. ಮಂಚಮ್ಮ ಇರೋ ತನಕ ಅಮಾವಾಸ್ಯೆಗೊಂದ್ಸಲ ಮನೆ ಮನೆಗೆ ಹೋಗಿ ಎಲ್ಲ ಮಕ್ಕಳ ಬಾಯಿ ನೋಡೋಳಂತೆ, ಅಳೋ ಮಗು, ನಗೋ ಮಗು ಅಂತ ಭೇದ ಮಾಡದೆ. ದೇವೀರಿ ಬೆಳೆದ್ಲು, ಮುದುಕಿ ಆದ್ಲು. ಹೋದ ಮಾತು ಮಾತ್ರ ತಿರುಗಿ ಬರಲಿಲ್ಲ. ಮೀನು ತೋರಿಸಿದ್ರೆ ನಗೋಳಂತೆ, ಅಷ್ಟೇ.

ಈಗ್ಲೂ ಆ ಊರಲ್ಲಿ ಮಗೂಗೆ ಹಲ್ಲು ಬಂದ್ರೆ ಗುಂಡಿನ ಶಾಸ್ತ್ರ ಇಲ್ಲ, ಅಜ್ಜಿ ಆದೋಳು ತುಟಿ ಎತ್ತಿ ನೋಡಿ ಹಣೆಗೆ ಮುತ್ತಿಡ್ತಾಳೆ. ಆಸ್ಪತ್ರೆಯೋರು ಬಂದು ಮಕ್ಕಳ ಮೈಗೆ ಸೀಸ ಸೇರಿದೆಯಾ ನೋಡೋಕೆ ಬೆರಳು ಚುಚ್ಚಿ ರಕ್ತ ತಗೋತಾರಲ್ಲ, ಆಗ ತಾಯಂದಿರು ಕುಣೀತಾ ಇರೋ ಮಗೂನೇ ಮೊದ್ಲು ಮುಂದೆ ತಳ್ತಾರೆ. ಇದು ಚೆನ್ನಾಗೇ ಇದೆಯಲ್ಲಮ್ಮ ಅಂತ ಹೊಸಬರು ಯಾರಾದ್ರೂ ಕೇಳಿದ್ರೆ, ಅವರದು ಒಂದೇ ಮಾತು.

"ದೇವೀರೀನೂ ಚೆನ್ನಾಗೇ ಇದ್ಲು."