ದವಡೆ ಹಿಡಿದು ಬಂದವಳು

ವೈದ್ಯ ಮರುಳಾರಾಧ್ಯರ ಆಶ್ರಮ ಹೊಳೆದಂಡೆಯ ಮೇಲಿತ್ತು. ಕೊಟ್ರಯ್ಯ ಅಲ್ಲಿ ಹನ್ನೆರಡು ವರ್ಷದಿಂದ ಬೇರು ಅರೆಯುತ್ತಿದ್ದ. ನೀಲಕಂಠ ಬಂದು ಎರಡೇ ವರ್ಷ.

ಆದರೂ ಗುರುಗಳು ನಾಡಿ ನೋಡುವ ಚಾಪೆಯ ಮೇಲೆ ಕೂರಿಸಿದ್ದು ನೀಲಕಂಠನನ್ನು.

ಅಂದಿನಿಂದ ಕೊಟ್ರಯ್ಯನಿಗೆ ಅನ್ನ ರುಚಿಸಲಿಲ್ಲ. ನೀಲಕಂಠ ನಕ್ಕರೂ ಸಿಟ್ಟು, ಕೆಮ್ಮಿದರೂ ಸಿಟ್ಟು.

ಒಂದು ಬೆಳಗ್ಗೆ ಅಂಬಿಗರ ಹೊನ್ನಮ್ಮ ಎಡದವಡೆ ಹಿಡಿದುಕೊಂಡು ಬಂದಳು.

"ಹಲ್ಲುನೋವಪ್ಪಾ. ಮೊಣಕೈತನಕ ಜಗ್ಗತೈತಿ."

ನೀಲಕಂಠ ಬಾಯಿ ತೆರೆಸಿ ನೋಡಿದ. ಲವಂಗದ ಎಣ್ಣೆ ಹಚ್ಚಿದ.

ಮೂಲೆಯಲ್ಲಿ ಅರೆಯುತ್ತಿದ್ದ ಕೊಟ್ರಯ್ಯನ ಕೈ ನಿಂತಿತು. ಹೊನ್ನಮ್ಮನ ಹಣೆಯ ಮೇಲೆ ತಣ್ಣನೆಯ ಬೆವರು. ಇದು ಹಲ್ಲಲ್ಲ, ಹೃದಯ. ಒಳಗಿನ ಅಂಗ ಕೆಟ್ಟರೆ ಅದು ಇದ್ದಲ್ಲೇ ನೋಯಬೇಕೆಂದಿಲ್ಲ. ಪಿತ್ತಕೋಶದ ನೋವು ಬಲಹೆಗಲಲ್ಲಿ ಕಾಣಿಸಿಕೊಳ್ಳಬಹುದು, ಹೃದಯದ್ದು ದವಡೆಯಲ್ಲಿ, ಎಡತೋಳಲ್ಲಿ. ಗುರುಗಳು ಇದನ್ನು ಅವನಿಗೆ ಹೇಳಿಕೊಟ್ಟು ಎಷ್ಟೋ ವರ್ಷವಾಗಿತ್ತು.

ಹೇಳಲು ಬಾಯಿ ತೆರೆದ. ಮುಚ್ಚಿದ.

ಅವನು ತಪ್ಪಲಿ. ಚಾಪೆಯ ಮೇಲೆ ಕೂತವನ ವಿದ್ಯೆ ಎಷ್ಟೆಂದು ಎಲ್ಲರೂ ನೋಡಲಿ.

ಹೊನ್ನಮ್ಮ ಎದ್ದಳು. ಹೊಳೆಗೆ ಇಳಿಯುವ ಮೆಟ್ಟಿಲ ಕಡೆ ನಡೆದಳು. ಮೂರನೇ ಮೆಟ್ಟಿಲಲ್ಲಿ ನಿಂತು ಏದುಸಿರು ಬಿಡತೊಡಗಿದಳು.

ಕೊಟ್ರಯ್ಯ ಎದ್ದು ಓಡಿದ.

"ಯವ್ವಾ, ಒಂದು ಹೆಜ್ಜೆನೂ ಇಡಬ್ಯಾಡ! ಅಲ್ಲೇ ಕುಂದ್ರು! ನೀಲಕಂಠಾ, ಗುರುಗಳನ್ನ ಕರಿ!"

ಅವಳನ್ನು ಎತ್ತಿ ತಂದು ಗೋಡೆಗೆ ಒರಗಿಸಿದರು. ಗುರುಗಳು ಹೃದಯಕ್ಕೆ ಬಲ ಕೊಡುವ ಮತ್ತಿ ಮರದ ತೊಗಟೆಯ ಕಷಾಯವನ್ನು ಗುಟುಕು ಗುಟುಕಾಗಿ ಕುಡಿಸಿದರು. ದಿನವಿಡೀ ಅವಳ ಕೈ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಅವಳ ಮುಖಕ್ಕೆ ಕಳೆ ಬಂತು.

ನೀಲಕಂಠ ಕೊಟ್ರಯ್ಯನ ಕಾಲು ಹಿಡಿದ. "ಅಣ್ಣಾ, ನನಗೆ ತಿಳಿಯಲೇ ಇಲ್ಲ. ನೀವಿಲ್ಲದಿದ್ದರೆ ಆ ತಾಯಿ ಉಳೀತಿರಲಿಲ್ಲ."

ಕೊಟ್ರಯ್ಯ ಕಾಲು ಹಿಂದಕ್ಕೆ ಎಳೆದುಕೊಂಡ.

ಗುರುಗಳು ಕೇಳಿದರು, "ನಿನಗೆ ಯಾವಾಗ ಗೊತ್ತಾಯಿತು?"

"ಅವಳ ಹಣೆಯ ಬೆವರು ಕಂಡಾಗಲೇ."

"ಹೇಳಿದ್ದು?"

"ಅವಳು ಮೆಟ್ಟಿಲಿಳಿದ ಮೇಲೆ. ಇವನು ಸೋಲಲಿ ಅಂತ ಕಾದೆ, ಗುರುಗಳೇ. ನನ್ನನ್ನು ಕಳಿಸಿಬಿಡಿ."

ನೀಲಕಂಠ ತಲೆಯೆತ್ತಿ ನೋಡಿದ.

ಗುರುಗಳು ಇಬ್ಬರನ್ನೂ ಎದುರುಬದುರು ಕೂರಿಸಿದರು.

"ಇವತ್ತಿನಿಂದ ಇವನಿಗೆ ನೀನೇ ಪಾಠ ಹೇಳು, ಕೊಟ್ರಯ್ಯ. ಹೊಟ್ಟೆಕಿಚ್ಚೂ ಒಳಗಿನ ರೋಗವೇ, ಅದೂ ಇದ್ದಲ್ಲೇ ನೋಯುವುದಿಲ್ಲ. ಸುಮ್ಮನೆ ಕೂತಿದ್ದಷ್ಟು ಹೊತ್ತು ನಿನಗೆ ಎಲ್ಲೆಲ್ಲಿ ನೋವಾಯಿತೋ, ಅಲ್ಲಿಂದ ಶುರುಮಾಡು."