ಚರಚರ ಎನ್ನುವ ಬೇಲಿ

ಮಕ್ಕಳೇ, ಊರಾಚೆಯ ದಿಣ್ಣೆಯ ಮೇಲೊಂದು ನೀಲಗಿರಿ ತೋಪು. ಅಲ್ಲಿ ಕೆಂಚಿ ಎಂಬ ಮೊಲ ಒಂಟಿಯಾಗಿ ವಾಸವಾಗಿತ್ತು. ಅದಕ್ಕೆ ಯಾರನ್ನು ಕಂಡರೂ ಅನುಮಾನ. ನೀಲಗಿರಿಯ ಒಣಗಿದ ಎಲೆಗಳೆಂದರೆ ಮಾತ್ರ ಪ್ರಾಣ. ಯಾರು ಕಾಲಿಟ್ಟರೂ ಎಲೆ ಚರಚರ ಅನ್ನುತ್ತಿತ್ತು, ಕೆಂಚಿಯ ಕಿವಿ ನೆಟ್ಟಗಾಗುತ್ತಿತ್ತು.

ಆ ಎಲೆಗಳ ಅಡಿಯಲ್ಲಿ ಗೆದ್ದಲಜ್ಜಿಯ ದೊಡ್ಡ ಸಂಸಾರವಿತ್ತು. ನೀಲಗಿರಿ ಎಲೆ ಗಡುಸು, ಘಾಟು ಬೇರೆ. ಆದರೂ ಅಜ್ಜಿಯ ಸಂಸಾರ ಅದನ್ನು ನಿಧಾನವಾಗಿ ಕೊರೆದು ಮಣ್ಣು ಮಾಡುತ್ತಿತ್ತು. ಎಲೆ ಕೆದಕಿ ಹುಳು ಹೆಕ್ಕಲು ಹರಟೆಮಲ್ಲ ಹಕ್ಕಿಗಳೂ ಗುಂಪಾಗಿ ಬರುತ್ತಿದ್ದವು. ಅಜ್ಜಿಗೂ ಅವಕ್ಕೂ ಅಷ್ಟಕ್ಕಷ್ಟೆ, ಆದರೂ ಹೇಗೋ ಹೊಂದಿಕೊಂಡಿದ್ದವು.

ಒಂದು ದಿನ ಕೆಂಚಿ ಸಿಡುಕಿತು. "ಅಜ್ಜಿ, ನನ್ನ ಬೇಲಿಯನ್ನೇ ತಿಂತಾ ಇದ್ದೀರಲ್ಲ. ನಾಳೆ ಕಾಡುಬೆಕ್ಕು ಸದ್ದಿಲ್ಲದೆ ಬಂದ್ರೆ ನನ್ನ ಗತಿ ಏನು?"

"ತಿನ್ನದಿದ್ರೆ ಎಲೆ ಮೇಲೆ ಎಲೆ ಬೀಳುತ್ತೆ ಕಣಮ್ಮ. ಅಡಿಯಲ್ಲಿ ಹುಲ್ಲೂ ಹುಟ್ಟಲ್ಲ."

"ಉಪದೇಶ ಬೇಡ. ಜಾಗ ಖಾಲಿ ಮಾಡಿ." ಕೆಂಚಿ ಕಾಲಿನಿಂದ ಗೂಡನ್ನೇ ಕೆದರಿ ಹಾಕಿತು.

ಗೆದ್ದಲಜ್ಜಿ ಜಗಳಕ್ಕೆ ನಿಲ್ಲಲಿಲ್ಲ. ಸಂಸಾರ ಕಟ್ಟಿಕೊಂಡು ದಿಣ್ಣೆಯ ಕೆಳಗಿನ ಹೊಂಗೆ ಮರದ ಬುಡಕ್ಕೆ ಹೋಯಿತು. ಹುಳುವಿಲ್ಲದ ತೋಪಿನಲ್ಲಿ ಹಕ್ಕಿಗಳಿಗೇನು ಕೆಲಸ? ಅವೂ ಅಜ್ಜಿಯ ಹಿಂದೆಯೇ ಹೋದವು.

ಎಲೆಗಳು ಉದುರಿ ಉದುರಿ ರಾಶಿಯಾದವು. ಮೊದಮೊದಲು ಕೆಂಚಿ ಬೀಗಿತು. ಆಮೇಲೆ ಬೇಸರ ಶುರುವಾಯಿತು. ಗಲಾಟೆ ಎಂದು ಬೈಯುತ್ತಿದ್ದ ಹಕ್ಕಿಗಳ ಹರಟೆ ಈಗ ಬೇಕೆನಿಸಿತು. ಯಾರಾದರೂ ಬಂದಾರೇನೋ ಎಂದು ದಿನವಿಡೀ ಕಿವಿಗೊಟ್ಟು ಕೂರುತ್ತಿತ್ತು. ಎಲೆ ಬೀಳುವ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಒಂದೊಂದು ಸಲ ಅಳುವೇ ಬರುತ್ತಿತ್ತು.

ತೋಪಿನಲ್ಲಿ ಹುಲ್ಲೂ ಮುಗಿಯಿತು. ಹಸಿವು ತಾಳಲಾರದೆ ಕೆಂಚಿ ಹೊರಗೆ ಹೆಜ್ಜೆ ಇಟ್ಟಿತು. ಚರಚರ!

"ಬಾ ಕೆಂಚಿ," ಎಂದಿತು ತೋಪಿನಂಚಿನಲ್ಲಿ ಹಾಯಾಗಿ ಮಲಗಿದ್ದ ಕಾಡುಬೆಕ್ಕು. "ನಾನ್ಯಾಕೆ ಒಳಗೆ ಬಂದು ಸದ್ದು ಮಾಡಲಿ? ನೀನು ಹೊರಡೋದೇ ನನಗೆ ಕೇಳಿಸುತ್ತಲ್ಲ."

ಕೆಂಚಿ ಎದ್ದೆನೋ ಬಿದ್ದೆನೋ ಎಂದು ಓಡಿತು. ಎತ್ತ ತಿರುಗಿದರೂ ಎಲೆಗಳು ಅದರ ಜಾಡನ್ನು ಬೆಕ್ಕಿಗೆ ಹೇಳಿಕೊಟ್ಟವು. ಬೆಕ್ಕಿನ ಉಗುರು ತಾಗಿ ಒಂದು ಕಿವಿ ಹರಿಯಿತು. ಹೇಗೋ ಹೊಂಗೆ ಮರ ಮುಟ್ಟುವಷ್ಟರಲ್ಲಿ ಹರಟೆಮಲ್ಲ ಹಕ್ಕಿಗಳು ಬೆಕ್ಕನ್ನು ಕಂಡು ಒಟ್ಟಾಗಿ ಕಿರುಚುತ್ತಾ ಮೇಲೆರಗಿದವು. ಬೆಕ್ಕು ಬಂದ ದಾರಿ ಹಿಡಿಯಿತು.

ಕೆಂಚಿ ತಲೆ ತಗ್ಗಿಸಿ ಮರದ ನೆರಳಿನಾಚೆಯೇ ನಿಂತಿತು.

"ಅಜ್ಜಿ, ನಾನೂ ಇಲ್ಲೇ ಇರಲಾ?"

"ಇರಮ್ಮ. ಆದ್ರೆ ಇಲ್ಲಿನ ಎಲೆಯೆಲ್ಲ ಮಣ್ಣಾಗಿ ಮೆತ್ತಗಾಗಿದೆ. ಯಾರು ಬಂದ್ರೂ ಸದ್ದಾಗಲ್ಲ."

"ಆ ಸದ್ದು ಬೇಡ ಅಜ್ಜಿ," ಎಂದಿತು ಕೆಂಚಿ. "ಕೂಗಿ ಹೇಳೋರು ಇದ್ದಾರಲ್ಲ."

ನೀತಿ: ಅಕ್ಕಪಕ್ಕದವರನ್ನು ಓಡಿಸಿ ಉಳಿಸಿಕೊಂಡ ಬೇಲಿ ಕೊನೆಗೆ ನಮ್ಮನ್ನೇ ಕೂಡಿಹಾಕುತ್ತದೆ.